ಮೂರು ಅನ್ನುವ ತನಕ

ನಾನು ಒಂದು ಮ್ಯಾಟ್. ಏಳು ಅಡಿ ಉದ್ದ, ನಾಲ್ಕು ಅಡಿ ಅಗಲ, ಹೊಟ್ಟೆಯೊಳಗೆ ತೆಂಗಿನ ನಾರು, ಮೇಲೆ ಹಸಿರು ಕ್ಯಾನ್ವಾಸ್, ಮಡಚಲು ನಡುವೆ ಒಂದು ಹೊಲಿಗೆ. ಶಾಲೆಯ ಮಕ್ಕಳು ಲಾಗ ಹಾಕುವಾಗ, ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ನಿಲ್ಲುವಾಗ, ಬಿದ್ದರೆ ಪೆಟ್ಟಾಗದಿರಲಿ ಎಂದು ಕೆಳಗೆ ಹಾಸುತ್ತಾರಲ್ಲ, ಆ ಜಾತಿಯವನು. ನನ್ನ ಮೇಲೆ ಮಲಗಿದವರು ಕಡಿಮೆ, ಬಿದ್ದವರೇ ಹೆಚ್ಚು. ಜನರನ್ನು ನಾನು ಮೊದಲು ಅಂಗಾಲಿನಿಂದ ಗುರುತು ಹಿಡಿಯುತ್ತೇನೆ, ಮುಖ ಆಮೇಲೆ.

ನಾನು ಹುಟ್ಟಿದ್ದು ತಿಪಟೂರಿನ ಹತ್ತಿರದ ಒಂದು ನಾರಿನ ಶೆಡ್ಡಿನಲ್ಲಿ. ಹೊಲಿದವಳು ಪುಟ್ಟಲಿಂಗಮ್ಮ. ಬೆರಳುದ್ದದ ದಬ್ಬಣ ಹಿಡಿದು, ನಾರು ತುಂಬಿ ತುಂಬಿ ಸಾಕಾಗಿ, "ಎಷ್ಟ್ ತುರುಕಿದ್ರೂ ಹೊಟ್ಟೆ ತುಂಬಾಕಿಲ್ವಲ್ಲಪ್ಪ ನಿಂಗೆ" ಎಂದು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಮರುದಿನ ಲಾರಿ ಬಂತು. ಅವಳನ್ನು ಮತ್ತೆ ನೋಡಲಿಲ್ಲ.

ಲಾರಿ ನನ್ನನ್ನು ಇಳಿಸಿದ್ದು ಬೆಟಗೇರಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ. ನೇಕಾರರ ಊರು. ಬೆಳಗಿನಿಂದ ಸಂಜೆಯವರೆಗೆ ಓಣಿ ಓಣಿಯಲ್ಲಿ ಮಗ್ಗದ ಸದ್ದು. ಶಾಲೆಯಲ್ಲಿ ನಾನು ಒಬ್ಬರ ಪಾಲಿಗೆ ಬಂದೆ. ಅವರು ಸುನಂದಾ ಹುಯಿಲಗೋಳ, ದೈಹಿಕ ಶಿಕ್ಷಕಿ. ಆಗ ನಲವತ್ತೆರಡು ವಯಸ್ಸು. ಮದುವೆಯಾಗಿರಲಿಲ್ಲ. ಶಾಲೆಯ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಕೋಣೆ, ಒಂದು ಸ್ಟೋವು, ಕೊರಳಲ್ಲಿ ಸೀಟಿ. ಶಾಲೆ ಬಿಟ್ಟ ಮೇಲೆ ಎಲ್ಲ ಟೀಚರುಗಳು ಮನೆಗೆ ಓಡಿದರೆ ಇವರು ಆಟದ ಸಾಮಾನಿನ ಕೋಣೆಯಲ್ಲಿ ಉಳಿದು ಬೆತ್ತದಿಂದ ನನ್ನ ಧೂಳು ಬಡಿಯುತ್ತಿದ್ದರು. ಬಡಿಯುತ್ತಾ ತಮ್ಮಷ್ಟಕ್ಕೆ ತಾವೇ ಮಾತಾಡುತ್ತಿದ್ದರು. ದಿನದ ಸುದ್ದಿಯನ್ನೆಲ್ಲ ಹೇಳಿಕೊಳ್ಳಲು ಅವರಿಗೆ ಬೇರೆ ಯಾರೂ ಇರಲಿಲ್ಲ. ನಾನು ಕಾಣದ ಎಷ್ಟೋ ಸಂಗತಿಗಳು ನನಗೆ ತಿಳಿದದ್ದು ಹಾಗೆ.

ಸುನಂದಾ ಟೀಚರ್ ಕಟ್ಟಿದ್ದು ಚಿಯರ್ ತಂಡ. ಕಬಡ್ಡಿ, ಖೋಖೋ ಆಟಗಳಿರುವಾಗ ಅಂಕಣದ ಪಕ್ಕದಲ್ಲಿ ನಿಂತು ತಮ್ಮ ಶಾಲೆಯವರನ್ನು ಹುರಿದುಂಬಿಸುವ ಹನ್ನೆರಡು ಹುಡುಗಿಯರು. ಕೈಯಲ್ಲಿ ಕುಚ್ಚುಗಳು. ಮಗ್ಗದ ಮನೆಗಳಲ್ಲಿ ಉಳಿದ ಬಣ್ಣದ ನೂಲಿನ ತುಂಡುಗಳನ್ನು ಕಟ್ಟಿ ಮಾಡಿದವು. ಒಬ್ಬಳು "ಬೆಟಗೇರಿ ಹುಡಿಗ್ಯಾರ ಹಿಂದ ಸರಿಯೋರ?" ಎಂದು ಕೇಳಿದರೆ ಉಳಿದವರೆಲ್ಲ "ಅಲ್ಲ! ಅಲ್ಲ! ಅಲ್ಲ!" ಎಂದು ಕೂಗುತ್ತಾ ಒಬ್ಬರ ಮೇಲೊಬ್ಬರು ಹತ್ತಿ ಗೋಪುರ ಕಟ್ಟುತ್ತಿದ್ದರು. ತುದಿಗೆ ಸಕೀನಾ ಎಂಬ ಕಡ್ಡಿಯಂಥ ಹುಡುಗಿ. ಮುಂದೆ ನಿಂತು ಕೂಗು ಹಾಕುವವಳು ಪುಷ್ಪಾ, ತಂಡದ ನಾಯಕಿ. ಎಲ್ಲರ ಕೆಳಗೆ, ಎಲ್ಲರ ಭಾರ ಹೊತ್ತು, ಯಾರ ಕಣ್ಣಿಗೂ ಮುಖ ಕಾಣದಂತೆ ಬಾಗಿ ನಿಲ್ಲುವವಳು ಕಸ್ತೂರಿ.

ಕಸ್ತೂರಿ ಗಂಜಿ ಒಂಬತ್ತನೆಯ ಇಯತ್ತೆಯವಳು. ಎತ್ತರದ, ಅಗಲ ಭುಜದ ಹುಡುಗಿ. ಅವಳಿಗೆ ಮಾತು ತೊದಲುತ್ತಿತ್ತು. ಬರೀ ತೊದಲುವುದಲ್ಲ, ಮಾತು ಗಂಟಲಲ್ಲಿ ಸಿಕ್ಕಿಕೊಂಡರೆ ಕಣ್ಣಲ್ಲಿ ನೀರು ಬರುವವರೆಗೆ ಬಿಡುತ್ತಿರಲಿಲ್ಲ. ಹಾಜರಿ ಕರೆದಾಗ ಅವಳು ಕೈ ಎತ್ತುತ್ತಿದ್ದಳು, ಅಷ್ಟೇ. ಊಟದ ಬಿಡುವಿನಲ್ಲಿ ಬೇರೆಯವರು ಬೇವಿನ ಮರದ ಕೆಳಗೆ ಗುಂಪಾಗಿ ಕೂತರೆ ಅವಳು ಡಬ್ಬಿ ಹಿಡಿದು ಸಾಮಾನಿನ ಕೋಣೆಗೆ ಬಂದು, ಮಡಚಿಟ್ಟ ನನ್ನ ಮೇಲೆ ಕೂತು, ಗೋಡೆ ನೋಡುತ್ತಾ ರೊಟ್ಟಿ ತಿನ್ನುತ್ತಿದ್ದಳು. ಆದರೆ ಹನ್ನೆರಡು ಮಂದಿ ಒಟ್ಟಿಗೆ ಕೂಗುವಾಗ ಮಾತ್ರ ಅವಳ ಬಾಯಿ ಸಲೀಸಾಗಿ ತೆರೆಯುತ್ತಿತ್ತು. ಗುಂಪಿನ ದನಿಯೊಳಗೆ ಅವಳ ದನಿ ಎಲ್ಲೂ ತಡೆಯದೆ ಹರಿಯುತ್ತಿತ್ತು. ಕೆಳಗಿದ್ದ ನಾನು ಅದನ್ನು ಬೇರೆಯಾಗಿ ಕೇಳಬಲ್ಲವನಾಗಿದ್ದೆ. ಸುನಂದಾ ಟೀಚರಿಗೂ ಅದು ಗೊತ್ತಿತ್ತು. ಅವಳನ್ನು ತಂಡಕ್ಕೆ ಸೇರಿಸಿಕೊಂಡದ್ದೇ ಅದಕ್ಕೆ.

ಆ ವರ್ಷ ಧಾರವಾಡದಲ್ಲಿ ಹೈಸ್ಕೂಲು ಚಿಯರ್ ತಂಡಗಳಿಗೆ ಬೇಸಿಗೆ ಶಿಬಿರ ನಡೆಯುತ್ತದೆಂದು ಪತ್ರ ಬಂತು. ಹತ್ತು ದಿನ. ಕೊನೆಯ ದಿನ ಎಲ್ಲ ತಂಡಗಳ ಸ್ಪರ್ಧೆ. ಹೆಡ್‌ಮಾಸ್ತರ ಶಿರಹಟ್ಟಿ ಸರ್ ಪತ್ರ ಹಿಡಿದು ಸಾಮಾನಿನ ಕೋಣೆಯ ಬಾಗಿಲಿಗೇ ಬಂದರು.

"ಸುನಂದಾ ಟೀಚರ್, ಕಬಡ್ಡಿ ಶಿಬಿರ ಅಂದ್ರ ನನಗ ತಿಳಿತೈತಿ. ಕೂಗೋದು ಕಲಿಯಾಕ ಶಿಬಿರ ಬೇಕೇನ್ರಿ? ನಮ್ಮ ಓಣಿ ಹೆಣ್ಣಮಕ್ಕಳಿಗೆ ಕೂಗೋದು ಯಾರೂ ಕಲಸಬೇಕಾಗಿಲ್ಲ."

"ಬರೇ ಕೂಗೋದಲ್ರೀ ಸರ್. ಒಬ್ಬರನೊಬ್ಬರು ಎತ್ತೋದು, ಹಿಡಿಯೋದು. ಈಗ ಹುಡಿಗ್ಯಾರು ಬರೇ ಧೈರ್ಯದ ಮ್ಯಾಲ ಹತ್ತತಾರ. ಸರಿಯಾಗಿ ಕಲಿಲಿಲ್ಲಂದ್ರ ಒಂದಿನ ಕೈಕಾಲು ಮುರಕೋತಾರ."

ಶಿರಹಟ್ಟಿ ಸರ್ ಕೆಟ್ಟವರಲ್ಲ. ಹತ್ತನೆಯ ಇಯತ್ತೆಯ ಗಣಿತದ ಫಲಿತಾಂಶ ಅವರ ನಿದ್ದೆ ಕೆಡಿಸಿತ್ತು, ಅಷ್ಟೇ. "ಹೋಗಿ ಬರ್ರಿ. ಆದರ ಏನರ ಗೆದ್ದು ತಂದ್ರ ತಂಡ ಇರತೈತಿ. ಇಲ್ಲಂದ್ರ ಆ ತಾಸು ಗಣಿತಕ್ಕ ಕೊಡತೀನಿ. ಬ್ಯಾಸರ ಮಾಡಕೋಬಾರದು ಮತ್ತ" ಎಂದರು.

ಹನ್ನೆರಡು ಮನೆಗಳ ಬಾಗಿಲು ತಟ್ಟಿದ್ದು ಸುನಂದಾ ಟೀಚರೇ. ಕಸ್ತೂರಿಯ ಅಪ್ಪ ಮಗ್ಗದಿಂದ ಎದ್ದು ಬಂದು, "ಅಕಿಗೆ ಮಾತ ಬರಂಗಿಲ್ಲ ಅಕ್ಕಾರ. ಪರ ಊರಾಗ ಮಂದಿ ನಗತಾರ. ಇಲ್ಲಿ ನಕ್ರ ಮನಿಗೆ ಬಂದು ಅಳತಾಳ, ಅಲ್ಲಿ ಎಲ್ಲಿಗೆ ಹೋಗತಾಳ?" ಎಂದನಂತೆ. "ನಾ ಇರತೀನಲ್ರೀ" ಎಂದು ಹೇಳಿ ಬಂದರಂತೆ ಇವರು. ಅದನ್ನು ನನ್ನ ಮುಂದೆ ಹೇಳಿಕೊಂಡ ಸಂಜೆ ಬೆತ್ತ ಅವರ ಕೈಯಲ್ಲಿ ಅಲ್ಲಾಡಲೇ ಇಲ್ಲ.

ಪ್ರತಿ ತಂಡವೂ ತನ್ನ ಮ್ಯಾಟ್ ತರಬೇಕೆಂದು ಪತ್ರದಲ್ಲಿ ಬರೆದಿತ್ತು. ಹಾಗಾಗಿ ನಾನೂ ಬಸ್ಸಿನ ಟಾಪಿನ ಮೇಲೆ ಧಾರವಾಡಕ್ಕೆ ಹೋದೆ.

ಶಿಬಿರದಲ್ಲಿ ಒಂಬತ್ತು ಶಾಲೆಗಳ ತಂಡಗಳಿದ್ದವು. ಕಲಿಸುವವರು ಮಂಗಳೂರು ಕಡೆಯ ಲವೀನಾ ಮೇಡಂ. ಮೊದಲ ದಿನವೇ ನಮ್ಮ ಹುಡುಗಿಯರ ಗೋಪುರ ನೋಡಿ ತಲೆ ಮೇಲೆ ಕೈ ಹೊತ್ತರು. "ಇದೆಂತ ಮಾರಾಯ್ರೆ, ಮರ ಹತ್ತಿದ ಹಾಗೆ ಹತ್ತುವುದು! ಕೆಳಗೆ ನಿಂತವಳಿಗೆ ಮೇಲಿನವಳು ಯಾವಾಗ ಬರ್ತಾಳೆ ಅಂತಲೇ ಗೊತ್ತಿಲ್ಲ." ಆಮೇಲೆ ಒಬ್ಬಳು ಇನ್ನೊಬ್ಬಳನ್ನು ಮೇಲೆತ್ತುವ ಹೊಸ ವರಸೆ, "ಎತ್ತು", ಕಲಿಸಿದರು. ಕೆಳಗಿನವಳು ಎರಡೂ ಅಂಗೈ ಹೆಣೆದು ಮೊಣಕಾಲ ಮಟ್ಟದಲ್ಲಿ ಹಿಡಿಯಬೇಕು. ಮೇಲಿನವಳು ಅದರಲ್ಲಿ ಪಾದವಿಟ್ಟು, ಇವಳ ಭುಜ ಹಿಡಿದು ಕಾಯಬೇಕು. ಒಂದು, ಎರಡು, ಮೂರು ಎಂದಾಗ ಇವಳು ಎತ್ತಬೇಕು, ಅವಳು ಏಳಬೇಕು. "ಎಣಿಸುವುದು ಕೆಳಗಿನವಳೇ. ತನ್ನ ಕೈ ಗಟ್ಟಿಯಾಯ್ತು ಅಂತ ಅವಳಿಗೆ ಮಾತ್ರ ಗೊತ್ತಾಗುವುದು. ಬೇರೆ ಯಾರು ಎಣಿಸಿದರೂ ಒಂದು ದಿನ ತಪ್ಪುತ್ತದೆ."

ಕೆಳಗಿನವಳು ಎಂದರೆ ಕಸ್ತೂರಿ. ಸಕೀನಾಳನ್ನು ಎತ್ತುವ ಶಕ್ತಿ ಇದ್ದದ್ದು ಅವಳಿಗೊಬ್ಬಳಿಗೇ. ಅವಳು ಅಂಗೈ ಹೆಣೆದಳು. ಸಕೀನಾ ಪಾದ ಇಟ್ಟಳು. ಎಲ್ಲರೂ ಕಾದರು. ಕಸ್ತೂರಿಯ ಬಾಯಿಂದ "ಒ... ಒ..." ಎಂಬುದರ ಆಚೆ ಏನೂ ಬರಲಿಲ್ಲ. ಅವಳ ಕಾಲ ಬೆರಳುಗಳು ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡವು. ಪಕ್ಕದ ತಂಡದವರು ತಿರುಗಿ ನೋಡಿದರು. ಯಾರೋ ಕಿಸಕ್ಕೆಂದರು.

"ನಾ ಎಣಸತೀನಿ ಮೇಡಂ" ಎಂದಳು ಪುಷ್ಪಾ. ಎರಡು ದಿನ ಹಾಗೇ ನಡೆಯಿತು. ಮೂರನೆಯ ದಿನ ಪುಷ್ಪಾ ಮುಂದೆ ನಿಂತು, ಹಿಂತಿರುಗಿ ನೋಡದೆ, ಜೋರಾಗಿ "ಮೂರು" ಎಂದಾಗ ಕಸ್ತೂರಿಯ ಕೈ ಇನ್ನೂ ಬಿಗಿಯಾಗಿರಲಿಲ್ಲ. ಬೆವರಿಗೆ ಬೆರಳು ಜಾರಿತ್ತು. ಸಕೀನಾ ಎದ್ದಳು, ಗಾಳಿಯಲ್ಲಿ ಒಂದು ಸಲ ಕೈ ಬೀಸಿದಳು, ನನ್ನ ಮೇಲೆ ಬಿದ್ದಳು. ನಾನು ಹಿಡಿದಷ್ಟು ಹಿಡಿದೆ. ಆದರೂ ಅವಳ ಕಣಕಾಲು ಉಳುಕಿತು.

ಅಂದು ಮಧ್ಯಾಹ್ನ ಹುಡುಗಿಯರೆಲ್ಲ ಊಟಕ್ಕೆ ಹೋದ ಮೇಲೆ ಕಸ್ತೂರಿ ನನ್ನ ಮೇಲೆ ಬೋರಲಾಗಿ ಮಲಗಿಬಿಟ್ಟಳು. ಸುನಂದಾ ಟೀಚರ್ ಬಂದು ಪಕ್ಕದಲ್ಲಿ ಕೂತರು. ಆಮೇಲೆ ಲವೀನಾ ಮೇಡಂ ಬಂದರು. ದನಿ ತಗ್ಗಿಸಿ, "ಟೀಚರೇ, ಆ ಹುಡುಗಿಗೆ ಕಷ್ಟ ಉಂಟು. ಬೇಡ, ಸಾದಾ ಕುಣಿತ ಮಾಡಿಸಿ. ಎತ್ತು ಬಿಟ್ಟರೆ ಅಂಕ ಕಡಿಮೆ ಬರ್ತದೆ, ಆದ್ರೆ ಯಾರೂ ಬೀಳುವುದಿಲ್ಲ" ಎಂದರು.

ಆಗ ಬಾಗಿಲಲ್ಲಿ ಸಕೀನಾ ಕಾಣಿಸಿದಳು. ಕಾಲಿಗೆ ಪಟ್ಟಿ, ಕೈಯಲ್ಲಿ ಊಟದ ತಟ್ಟೆ. ಕುಂಟುತ್ತಾ ಬಂದು ತಟ್ಟೆಯನ್ನು ಕಸ್ತೂರಿಯ ತಲೆಯ ಹತ್ತಿರ ಇಟ್ಟಳು.

"ಅಕ್ಕಾರ, ಅಕಿನ ಎಣಸಲಿ. ಬ್ಯಾರೇದವರು ಎಣಿಸಿದ್ರ ನಾ ಹತ್ತಂಗಿಲ್ಲ."

"ಅಕಿಗೆ ತಡಾ ಆಗತೈತಲ್ಲವಾ" ಎಂದರು ಸುನಂದಾ ಟೀಚರ್.

"ಆಗಲಿ. ನಾ ತಡೀತೀನಿ."

ಮರುದಿನದಿಂದ ಹಾಗೇ ಶುರುವಾಯಿತು. ಸಕೀನಾ ಉಳುಕದೆ ನೆಟ್ಟಗಿದ್ದ ಕಾಲನ್ನು ಕಸ್ತೂರಿಯ ಅಂಗೈಯಲ್ಲಿಟ್ಟು, ಭುಜ ಹಿಡಿದು, ಅವಳ ಮುಖವನ್ನೇ ನೋಡುತ್ತಾ ನಿಲ್ಲುವಳು. ಉಳಿದ ಹತ್ತು ಮಂದಿ ಕುಚ್ಚು ಮೇಲೆತ್ತಿ ನಿಲ್ಲುವರು. "ಒಂದು" ಬರಲು ಕೆಲವು ಸಲ ಒಂದು ನಿಮಿಷ. "ಎರಡು" ಬೇಗ ಬಂದರೆ "ಮೂರು" ಸಿಕ್ಕಿಕೊಳ್ಳುವುದು. ಮೊದಮೊದಲು ಕೈ ಸೋತು, ಹುಡುಗಿಯರು ಗೊಣಗಿದರು. ಆಮೇಲೆ ಗೊಣಗುವುದು ನಿಂತಿತು. ಯಾರೂ ಕಸ್ತೂರಿಯ ಮಾತನ್ನು ತಾವು ಮುಗಿಸಕೂಡದೆಂದು ಸಕೀನಾ ಕಟ್ಟಪ್ಪಣೆ ಮಾಡಿದ್ದಳು. ಊಟದ ಸಾಲಿನಲ್ಲೂ ಅದೇ ರೂಢಿ ಬಂತಂತೆ. ಇನ್ನೊಂದು ರೊಟ್ಟಿ ಬೇಕೇನೆಂದು ಕೇಳಿ, ಅವಳು ಹೇಳುವವರೆಗೆ ಬಡಿಸುವ ಬುಟ್ಟಿಯನ್ನು ಮುಂದೆ ಹೋಗಗೊಡುತ್ತಿರಲಿಲ್ಲವಂತೆ. ಏಳನೆಯ ದಿನ ಸಕೀನಾ ಕಸ್ತೂರಿಯ ಕೈ ಮೇಲೆ ನೆಟ್ಟಗೆ ಎದ್ದು ನಿಂತಳು. ನನ್ನ ಮೇಲೆ ಅವತ್ತು ಯಾರೂ ಬೀಳಲಿಲ್ಲ. ಬೀಳದಿದ್ದರೆ ಮ್ಯಾಟಿಗೆ ಕೆಲಸವಿಲ್ಲ, ಆದರೂ ಅಷ್ಟು ಹಗುರಾದ ದಿನ ನನ್ನ ಆಯುಷ್ಯದಲ್ಲಿ ಇನ್ನೊಂದಿಲ್ಲ.

ಕೊನೆಯ ದಿನ ಸ್ಪರ್ಧೆ. ಒಂದೊಂದು ತಂಡಕ್ಕೆ ಮೂರು ನಿಮಿಷ. ಗಂಟೆ ಬಾರಿಸಿದ ಮೇಲೂ ಮುಗಿಯದಿದ್ದರೆ ಅಂಕ ಕಳೆಯುತ್ತಾರೆ. ನಮ್ಮ ಹುಡುಗಿಯರ ಕೂಗು, ಕುಣಿತ ಚೆನ್ನಾಗಿಯೇ ಆಯಿತು. ಕೊನೆಗೆ ಎತ್ತು. ಕಸ್ತೂರಿ ಅಂಗೈ ಹೆಣೆದಳು. "ಒಂದು" ಬಂತು. "ಎರಡು" ಬಂತು. ಆಮೇಲೆ "ಮ್... ಮ್..."

ಗಂಟೆ ಹೊಡೆಯಿತು.

"ಟೇಪ್ ಸಿಕ್ಕೊಂಡೈತಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಉಳಿದ ಎಂಟು ಶಾಲೆಗಳ ಮಂದಿ ನಕ್ಕರು. ಸುನಂದಾ ಟೀಚರ್ ನನ್ನ ಅಂಚಿನಲ್ಲೇ ನಿಂತಿದ್ದರು. ಅವರ ಕೈ ಸೀಟಿಗೆ ಹೋಯಿತು. ಒಂದು ಸೀಟಿ ಊದಿದ್ದರೆ ಎತ್ತು ರದ್ದಾಗುತ್ತಿತ್ತು, ಹುಡುಗಿಯರು ನಮಸ್ಕಾರ ಮಾಡಿ ಇಳಿಯುತ್ತಿದ್ದರು, ಅಂಕ ಅಷ್ಟೊಂದು ಹೋಗುತ್ತಿರಲಿಲ್ಲ. ಬಹುಶಃ ಮೂರನೆಯ ಬಹುಮಾನವಾದರೂ ಬರುತ್ತಿತ್ತು. ತಂಡ ಉಳಿಯುತ್ತಿತ್ತು. ಅವರು ಸೀಟಿಯನ್ನು ಬಾಯಿಗಿಟ್ಟರು. ಊದಲಿಲ್ಲ.

ಸಕೀನಾ ಸಭೆಯ ಕಡೆ ನೋಡಲೇ ಇಲ್ಲ. ಅವಳ ಕಣ್ಣು ಕಸ್ತೂರಿಯ ಮುಖದ ಮೇಲಿತ್ತು. ಹತ್ತು ಜೊತೆ ಕುಚ್ಚುಗಳು ಮೇಲೆತ್ತಿದಲ್ಲೇ ನಡುಗುತ್ತಿದ್ದವು. ನಗು ತಾನಾಗಿ ಕಡಿಮೆಯಾಗಿ, ಸಭೆಗೆ ಒಂದು ಬಗೆಯ ನಾಚಿಕೆ ಹತ್ತಿತು.

"ಮೂರು!"

ಸಕೀನಾ ಎದ್ದಳು. ಕೈ ಅಲುಗಲಿಲ್ಲ.

ಒಂಬತ್ತು ತಂಡಗಳಲ್ಲಿ ನಮ್ಮದು ಎಂಟನೆಯದು.

ವಾಪಸ್ ಬರುವಾಗ ಬಸ್ ನಿಲ್ದಾಣದಲ್ಲಿ ನನ್ನನ್ನು ಟಾಪಿಗೆ ಏರಿಸುವ ಮೊದಲು ಪುಷ್ಪಾ ಅತ್ತಳು. "ಅಕಿ ಒಬ್ಬಾಕಿ ಇರಲಿಲ್ಲಂದ್ರ ಗೆಲ್ತಿದ್ವಿ ಅಕ್ಕಾರ" ಎಂದಳು. ಸುಳ್ಳೇನೂ ಅಲ್ಲ. ಕಸ್ತೂರಿ ನನ್ನ ಇನ್ನೊಂದು ಬದಿಗೆ ನಿಂತಿದ್ದಳು, ಅವಳಿಗೂ ಕೇಳಿಸಿತು. ಸುನಂದಾ ಟೀಚರ್ ಪುಷ್ಪಾಳ ಬೆನ್ನು ಸವರಿದರು, ಕಸ್ತೂರಿಯ ಕಡೆ ನೋಡಿದರು, ಬಸ್ ಏರಿದರು.

ಜೂನಿನಲ್ಲಿ ಶಿರಹಟ್ಟಿ ಸರ್ ಮಾತಿನಂತೆ ನಡೆದರು. ಶಿಬಿರದಿಂದಾದ ಪ್ರಯೋಜನವೇನೆಂದು ಬರೆದುಕೊಡಲು ಹೇಳಿದರಂತೆ. ಸುನಂದಾ ಟೀಚರ್ ಸಾಮಾನಿನ ಕೋಣೆಯಲ್ಲಿ ನನ್ನ ಮೇಲೆ ಕೂತು ಕಾಗದ ಹಿಡಿದು ಬಹಳ ಹೊತ್ತು ಯೋಚಿಸಿದರು. ಕೊನೆಗೆ ಬರೆದದ್ದು ಒಂದೇ ಸಾಲು, ಜೋರಾಗಿ ಓದಿಕೊಂಡರು: "ಹನ್ನೆರಡು ವಿದ್ಯಾರ್ಥಿನಿಯರು ಭಾಗವಹಿಸಿ ಎಂಟನೆಯ ಸ್ಥಾನ ಪಡೆದರು." ತಂಡದ ತಾಸು ಗಣಿತಕ್ಕೆ ಹೋಯಿತು. ಗಣಿತದ ಫಲಿತಾಂಶ ಸುಧಾರಿಸಿತು ಎನ್ನುವುದನ್ನೂ ಹೇಳಬೇಕು.

ಒಂದೆರಡು ತಿಂಗಳು ಊಟದ ಬಿಡುವಿನಲ್ಲಿ ಕಸ್ತೂರಿಯ ಜೊತೆ ಸಕೀನಾಳೂ ಬಂದು ನನ್ನ ಮೇಲೆ ಕೂತಳು. ಅಷ್ಟರಲ್ಲಿ ಸಕೀನಾಳ ಮನೆಯವರು ಊರು ಬಿಟ್ಟು ಸೊಲ್ಲಾಪುರಕ್ಕೆ ಹೋದರು. ಆಮೇಲೆ ಮತ್ತೆ ಕಸ್ತೂರಿ ಒಬ್ಬಳೇ, ಗೋಡೆ ನೋಡುತ್ತಾ. ಈಗ ಅವಳಿಗೆ ಒಟ್ಟಿಗೆ ಕೂಗುವ ಗುಂಪೂ ಇರಲಿಲ್ಲ. ಅದನ್ನು ಬಾಗಿಲಿನಿಂದ ಕಂಡ ದಿನ ಸುನಂದಾ ಟೀಚರ್ ನನ್ನನ್ನು ಬಡಿಯುತ್ತಾ, "ಸೀಟಿ ಊದಿದ್ರ ತಂಡ ಉಳೀತಿತ್ತು. ಇದ್ದ ಒಂದ ಆಸರಾನೂ ಕಿತ್ತಹಾಕಿದ್ಯಲ್ಲ ಸುನಂದಾ. ಯಾಕ ಬೇಕಿತ್ತು ಆ ಶಿಬಿರ?" ಎಂದರು. ಆ ಮಾತನ್ನು ಎಷ್ಟೋ ವರ್ಷ ಆಗಾಗ ಹೇಳುತ್ತಲೇ ಇದ್ದರು. ಕಸ್ತೂರಿ ಹತ್ತನೆಯದು ಪಾಸಾಗಿ ಹೋದಳು. ಹೋಗುವ ದಿನ ಟೀಚರ ಕಾಲು ಮುಟ್ಟಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಯಾರೋ ಟೀಚರನ್ನು ಕರೆದರು, ಅವರು ಹೋಗಲೇಬೇಕಾಯಿತು.

ಹದಿನೆಂಟು ವರ್ಷ ನಾನು ಆ ಕೋಣೆಯಲ್ಲಿದ್ದೆ. ನನ್ನ ಮೇಲೆ ಹಳೆಯ ಪಟಗಳು, ಮುರಿದ ಬೆಂಚಿನ ಕಾಲು, ಬಿಸಿಯೂಟದ ಖಾಲಿ ಚೀಲಗಳು ಬಂದು ಬಿದ್ದವು. ಒಂದು ಇಲಿ ನನ್ನ ಮೂಲೆಯಲ್ಲಿ ಸಂಸಾರ ಹೂಡಿ ಹೋಯಿತು. ಸುನಂದಾ ಟೀಚರ್ ನಿವೃತ್ತರಾದ ವಾರ ಕೋಣೆ ಸ್ವಚ್ಛ ಮಾಡಿ ಗುಜರಿಗೆ ಹಾಕುವ ಸಾಮಾನನ್ನು ಹೊರಗೆ ಗುಡ್ಡೆ ಹಾಕಿದರು. ಅದರಲ್ಲಿ ನಾನೂ ಇದ್ದೆ. ಹೊಸ ಹೆಡ್‌ಮಿಸ್ಟ್ರೆಸ್ಸು, "ನಿಮಗೇನರ ನೆನಪಿಗೆ ಬೇಕೇನ್ರಿ?" ಎಂದು ಕೇಳಿದಾಗ ಟೀಚರ್ ನನ್ನ ಕಡೆ ಬೆರಳು ಮಾಡಿದರು. ಎಲ್ಲರೂ ನಕ್ಕರು. ಒಂದು ಆಟೊದಲ್ಲಿ ಅರ್ಧ ಹೊರಗೆ ಚಾಚಿಕೊಂಡು ನಾನು ಅವರ ಕೋಣೆಗೆ ಬಂದೆ.

ಈಗ ಮೂರು ವರ್ಷದಿಂದ ಇಲ್ಲೇ, ಕಿಟಕಿಯ ಕೆಳಗೆ. ಟೀಚರಿಗೆ ಮೊಣಕಾಲು ನೋವು. ಬೆಳಿಗ್ಗೆ ನನ್ನ ಮೇಲೆ ಕೂತು ಕಾಲು ಚಾಚಿ ಮಡಚುತ್ತಾರೆ, ಮಧ್ಯಾಹ್ನ ನನ್ನ ಮೇಲೇ ಅಡ್ಡಾಗುತ್ತಾರೆ. ತಮ್ಮಷ್ಟಕ್ಕೆ ಮಾತಾಡುವುದು ಮಾತ್ರ ಕಡಿಮೆಯಾಗಿದೆ. ಹೇಳಿಕೊಳ್ಳಲು ದಿನದಲ್ಲಿ ಏನಾದರೂ ನಡೆಯಬೇಕಲ್ಲ. ಕೆಲವು ದಿನ ಹಾಲಿನವಳೊಡನೆ ಆಡಿದ ಎರಡು ಮಾತೇ ಎರಡು ಮಾತು.

ಹೋದ ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಅವರ ಮೊಬೈಲು ಕೂಗಿತು. ಬಲಗಿವಿ ಮಂದವಾಗಿರುವುದರಿಂದ ಅವರು ಸ್ಪೀಕರ್ ಹಾಕಿಯೇ ಮಾತಾಡುವುದು.

"ಹಲೋ, ಯಾರ್ರೀ?"

ಆ ಕಡೆಯಿಂದ ಉಸಿರಿನ ಸದ್ದು ಬಂತು. ಮಾತಿಲ್ಲ. ಟೀಚರ್ ಇನ್ನೊಮ್ಮೆ ಕೇಳಿದರು. ಮತ್ತೆ ಉಸಿರು. ರಾಂಗ್ ನಂಬರ್ ಎಂದು ಇಟ್ಟುಬಿಡಬಹುದಿತ್ತು. ಬೆರಳು ಗುಂಡಿಯವರೆಗೆ ಹೋಗಿಯೂ ಇತ್ತು. ಏನನ್ನಿಸಿತೋ, ಮೊಬೈಲನ್ನು ನನ್ನ ಮೇಲಿಟ್ಟು ಸುಮ್ಮನೆ ಕೂತರು. ಗೋಡೆಗಡಿಯಾರದ ಸೆಕೆಂಡ್ ಮುಳ್ಳು ಅರ್ಧ ಸುತ್ತು ತಿರುಗಿತು.

"ಅ... ಅಕ್ಕಾರ, ನಾ... ನಾ ಕ... ಕ... ಕಸ್ತೂರಿ."

ಟೀಚರ್ ಕೈಯಿಂದ ಬಾಯಿ ಮುಚ್ಚಿಕೊಂಡರು.

ಕಸ್ತೂರಿ ಹುಬ್ಬಳ್ಳಿಯಲ್ಲಿದ್ದಾಳೆ. ಒಂದು ಬೇಕರಿಯಲ್ಲಿ ಭಟ್ಟಿಯ ಕೆಲಸ, ಹಿಟ್ಟು ನಾದುವುದು, ಬ್ರೆಡ್ಡು ಬೇಯಿಸುವುದು. ಗಂಡ ಅದೇ ಬೇಕರಿಯ ಗಾಡಿ ಓಡಿಸುತ್ತಾನೆ. ಟೀಚರ ನಂಬರನ್ನು ಶಾಲೆಯ ಆಫೀಸಿಗೆ ಹೋಗಿ ಕೇಳಿ ತಂದಿದ್ದಳು. ಇಷ್ಟನ್ನು ಹೇಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಮಗಳು ಎಂಟನೆಯ ಇಯತ್ತೆ. ಅವಳ ಶಾಲೆಯಲ್ಲೂ ಚಿಯರ್ ತಂಡವಿದೆಯಂತೆ, ರಜೆಯಲ್ಲಿ ಶಿಬಿರಕ್ಕೆ ಕರೆದುಕೊಂಡು ಹೋಗುತ್ತಾರಂತೆ. ಗಂಡ ಬೇಡವೆನ್ನುತ್ತಾನೆ.

"ಕ... ಕಳಸಲೇನ್ರೀ ಅಕ್ಕಾರ?"

"ನನ್ನ ಕೇಳಬ್ಯಾಡವಾ" ಎಂದರು ಟೀಚರ್. "ನಿಮ್ಮನ್ನ ಕರಕೊಂಡು ಹೋಗಿ ನಾ ಏನ್ ತಂದೆ? ಎಂಟನೇ ನಂಬರು. ತಂಡಾನೂ ಹೋತು. ನೀ ಮತ್ತ ಒಬ್ಬಾಕಿನ ಕುಂತು ಉಣ್ಣೋದನ್ನ ನಾ ನೋಡೀನಿ ಕಸ್ತೂರಿ. ನಿನ್ನ ಎಲ್ಲಾರ ಮುಂದ ನಗೆಪಾಟಲ ಮಾಡಿದೆ."

"ಇ... ಇಲ್ರೀ."

ಮತ್ತೆ ಉಸಿರು. ಟೀಚರ್ ಕಾದರು.

"ಅದರ ಮೊದಲ ನನ್ನ ಮಾತು ಮು... ಮುಗಿಯೋ ತನಕ ಯಾರೂ ನಿಂತಿದ್ದಿಲ್ರೀ. ಅಪ್ಪನೂ. ತಾವ ಮುಗಿಸತಿದ್ರು, ಇಲ್ಲಾ ಹೋ... ಹೋಗಿಬಿಡತಿದ್ರು. ಅಲ್ಲಿ ಹನ್ನೊಂದು ಮಂದಿ ನಿಂತ್ರು. ಗಂಟಿ ಹೊಡೆದ್ರೂ ನಿಂತ್ರು. ನೀವು ಸೀಟಿ ಊ... ಊದಲಿಲ್ಲ. ನಾ ನೋಡೀನ್ರೀ. ಆಮ್ಯಾಲ ಎಷ್ಟ ಮಂದಿ ನಕ್ರೂ ನನಗ ಗೊತ್ತಿತ್ತು, ನಿಂದ್ರೋ ಮಂದಿನೂ ಇರತಾರ ಅಂತ. ಅದಕ್ಕ ನಾ ಬಾಯಿ ಮು... ಮುಚ್ಚಲಿಲ್ಲ."

ಟೀಚರ ಕೈ ನನ್ನ ಕ್ಯಾನ್ವಾಸನ್ನು ಸುಮ್ಮನೆ ಸವರುತ್ತಿತ್ತು. ಆ ಕಡೆ ಗಲಾಟೆಯಾಯಿತು, ಮೊಬೈಲು ಕೈ ಬದಲಾಯಿತು.

"ಅಜ್ಜಿ, ನಾ ಸೃಷ್ಟಿ ಮಾತಾಡೋದ್ರೀ!" ಪಟಪಟನೆ ಸುರಿಯುವ ದನಿ. "ನಮ್ಮವ್ವ ಒಂದ ತಾಸಿಂದ ನಿಮಗ ಫೋನ್ ಹಚ್ಚಾಕ ಕುಂತಾಳ್ರೀ. ಹಚ್ಚತಾಳ, ಇಡತಾಳ, ಹಚ್ಚತಾಳ, ಇಡತಾಳ. ನಾ ಮಾತಾಡತೀನಿ ಕೊಡ ಅಂದ್ರ ಕೊಡವಲ್ಲಳು, ತಾನ ಕೇಳಬೇಕಂತ. ಅಜ್ಜಿ, ಶಿಬಿರದಾಗ ಮ್ಯಾಲಿಂದ ಬಿದ್ರ ಕೆಳಗ ಮೆತ್ತಗ ಏನರ ಹಾಸಿರತಾರೇನ್ರೀ?"

ಟೀಚರ್ ನಕ್ಕರು. ಎಷ್ಟೋ ದಿನಗಳ ಮೇಲೆ ಕೇಳಿದ ನಗು, ಕೆಮ್ಮಿನಲ್ಲಿ ಮುಗಿಯಿತು. "ಹಾಸಿರತಾರವಾ. ಆದ್ರ ಅದನ್ನ ನೆಚ್ಚಬ್ಯಾಡ. ನಿನ್ನ ಹಿಡಿಯೋ ಹುಡಿಗಿ ಯಾರು, ಅಕಿ ಹೆಸರೇನು, ಮೊದಲ ಕೇಳಕೋ. ನಿಮ್ಮಪ್ಪಗ ಕೊಡು, ನಾ ಹೇಳತೀನಿ."

ಅಪ್ಪ ಮನೆಯಲ್ಲಿರಲಿಲ್ಲ. ಸಂಜೆ ಬರುತ್ತಾನೆ, ಆಗ ಮತ್ತೆ ಹಚ್ಚುತ್ತೇವೆ ಎಂದು ಹೇಳಿ ಇಟ್ಟರು.

ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಬಿದ್ದವರನ್ನು ಹಿಡಿಯುವುದೇ ನನ್ನ ಬಾಳುವೆ ಎಂದುಕೊಂಡಿದ್ದೆ. ನನ್ನ ಮೇಲೆ ನಿಂತವರಲ್ಲಿ ಯಾರಿಗೆ ಏನು ದಕ್ಕಿತು ಎಂಬುದು ನನಗೆ ತಿಳಿಯುವ ಸಂಗತಿಯಲ್ಲ. ಅವರಿಗೆ ಕಲಿಸಿದವರಿಗೂ ಅಷ್ಟೇ. ಕೆಲವರಿಗೆ ಇಪ್ಪತ್ತೊಂದು ವರ್ಷದ ಮೇಲೆ ಒಂದು ಫೋನು ಬರುತ್ತದೆ. ಹೆಚ್ಚಿನವರಿಗೆ ಅದೂ ಬರುವುದಿಲ್ಲ.

ಟೀಚರ್ ಕನ್ನಡಕ ಹಾಕಿಕೊಂಡು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದರು. ಅದರಲ್ಲಿದ್ದ ಹೆಸರುಗಳು ನಾಲ್ಕು: ಗ್ಯಾಸಿನವನು, ಡಾಕ್ಟರು, ಪಿಂಚಣಿ ಆಫೀಸು, ಮನೆ ಮಾಲೀಕರು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ ಐದನೆಯದನ್ನು ಬರೆದುಕೊಂಡರು. ಆಮೇಲೆ ಎದ್ದು, ಸಂಜೆಗೆ ಇನ್ನೂ ಬಹಳ ಹೊತ್ತಿದ್ದರೂ, ಮೊಬೈಲನ್ನು ಚಾರ್ಜಿಗೆ ಹಾಕಿದರು.